ಬೂತಾಯಿ ಎಲ್ಲಿ ಹೋಯಿತು? ಊರಿನ ವಾದವೊಂದನ್ನು ಎರಡು ಗಂಟೆಯಲ್ಲಿ ಹದಕ್ಕೆ ತರುವ ಕ್ರಮ

ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ಊರಿಗೆ ವಾದ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಾಲಿ ಬಾಣ ತಿಂದು ಬಿದ್ದ ಮೇಲೂ ರಾಮನನ್ನು ಅರ್ಧ ಗಂಟೆ ತರಾಟೆಗೆ ತೆಗೆದುಕೊಳ್ಳುತ್ತಾನೆ. ರಾಮ ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ಎದುರು ಕೂತವರು ಎಲೆಯಡಿಕೆ ಜಗಿಯುತ್ತಾ ಇಬ್ಬರಿಗೂ ತಲೆದೂಗುತ್ತಾರೆ. ಆದರೆ ಅಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತು. ಎಷ್ಟು ಚಂದ ಮಾತಾಡಿದರೂ ವಾಲಿ ಸಾಯಲೇಬೇಕು. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕಬೇಕೇ, ಮೀನಿನ ಹಿಂಡನ್ನೇ ಬಲೆಯಲ್ಲಿ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿಗೆ ಕಡಿವಾಣ ಬೇಕೇ, ಕಂಬಳದಲ್ಲಿ ಬೆತ್ತ ಇರಬೇಕೇ ಎಂಬ ಪ್ರಶ್ನೆಗಳಿಗೆ ಯಾರೂ ಪದ್ಯ ಬರೆದಿಟ್ಟಿಲ್ಲ. ಅಲ್ಲಿಯೂ ನಾವು ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಗಳ ಹಾಗೆ ಪಾತ್ರ ಬಿಡದೆ ಕೂರುತ್ತೇವೆ. ಜಗಳ ಹರಿಯದಿರಲು ಅರ್ಧ ಕಾರಣ ಇದೇ.

ಕಾರ್ಲ್ ಪಾಪರ್ (1902–1994) ಎಂಬ ತತ್ವಜ್ಞಾನಿಯ ಜ್ಞಾನಮೀಮಾಂಸೆಯನ್ನು ಒಂದು ಸಾಲಿಗೆ ಇಳಿಸಿದರೆ ಇಷ್ಟು: ನಮಗೆ ಗೊತ್ತಿರುವುದೆಲ್ಲ ಊಹೆ, ಟೀಕೆಗೆ ಒಡ್ಡಿ ತಪ್ಪು ಕಳೆದಷ್ಟೂ ಊಹೆ ಗಟ್ಟಿಯಾಗುತ್ತದೆ. ಪ್ರಗತಿಯೂ ಈ ತಪ್ಪು ಕಳೆಯುವ ಕೆಲಸದ ಫಲ. ಆದ್ದರಿಂದ ‘ಯಾರ ಮಾತು ಸರಿ’ ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ‘ನಾವು ತಪ್ಪಿದ್ದರೆ ಅದು ಎಷ್ಟು ಬೇಗ, ಎಷ್ಟು ಕಡಿಮೆ ನಷ್ಟದಲ್ಲಿ ನಮಗೆ ತಿಳಿದೀತು’ ಎಂದು ಕೇಳಬೇಕು. ಕೆಳಗೆ ಹೇಳಿದ ಕ್ರಮವೆಲ್ಲ ಈ ಪ್ರಶ್ನೆಯನ್ನು ಊರಿನ ಹತ್ತು ಜನ ಕೂತು ಬಳಸುವ ಬಗೆ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಜನ 8ರಿಂದ 12. ಎಂಟಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಒಂದೇ ಪಕ್ಷದವರು ಸೇರಿರುತ್ತಾರೆ. ಹನ್ನೆರಡು ದಾಟಿದರೆ ಮಾತು ಬಲ್ಲ ನಾಲ್ವರೇ ಪೂರ್ತಿ ಹೊತ್ತು ತಿನ್ನುತ್ತಾರೆ. ಬಂದವರಲ್ಲಿ ಕನಿಷ್ಠ ಇಬ್ಬರಿಗಾದರೂ ಆ ವಿಷಯದ ಬಿಸಿ ನೇರವಾಗಿ ತಟ್ಟುವಂತಿರಬೇಕು. ಮೀನಿನ ವಿಷಯವಾದರೆ ಬೋಟು ನಡೆಸುವ ಒಬ್ಬ ತಾಂಡೇಲ, ಮಾರ್ಕೆಟಿನಲ್ಲಿ ಮೀನು ಮಾರುವ ಒಬ್ಬರು. ಯಾವ ತಿಂಗಳು ಬಂಗುಡೆಯ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ, ಎಷ್ಟು ಮಾರು ಆಳದಲ್ಲಿ ಬಲೆ ಹರಿಯುತ್ತದೆ ಎಂಬ ತಿಳಿವಳಿಕೆ ಯಾವ ಕಚೇರಿಯ ಕಡತದಲ್ಲೂ ಒಟ್ಟಿಗೆ ಸಿಗುವುದಿಲ್ಲ. ಅದು ಊರ ತುಂಬ ಚದುರಿ ಬಿದ್ದಿದೆ.

ಸಾಮಾನು ಹೆಚ್ಚೇನಿಲ್ಲ. ಗೋಡೆಗೆ ಅಂಟಿಸಲು 4 ಡ್ರಾಯಿಂಗ್ ಶೀಟ್, ಮೂರು ಬಣ್ಣದ ಮಾರ್ಕರ್, ಪೋಸ್ಟ್‌ಕಾರ್ಡ್ ಗಾತ್ರದ 40 ಚೀಟಿ, ಹೊತ್ತು ನೋಡಲು ಒಂದೇ ಒಂದು ಮೊಬೈಲ್. ಉಳಿದ ಮೊಬೈಲ್‌ಗಳು ಬ್ಯಾಗಿನಲ್ಲಿರಲಿ, ಇಲ್ಲದಿದ್ದರೆ ಹತ್ತನೇ ನಿಮಿಷಕ್ಕೆ ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಓದಿ ಹೇಳುತ್ತಾರೆ. ನಡೆಸುವವರು ಒಬ್ಬರು, ಬರೆಯುವವರು ಒಬ್ಬರು. ನಡೆಸುವವರಿಗೆ ಅಂದು ಅಭಿಪ್ರಾಯ ಹೇಳುವ ಹಕ್ಕಿಲ್ಲ. ಚಾ, ಗೋಳಿಬಜೆ ಮೂರನೇ ಹಂತ ಮುಗಿದ ಮೇಲೆ. ಮೊದಲೇ ಕೊಟ್ಟರೆ ಕೆಲವರು ತಿಂದು ಹೊರಡುತ್ತಾರೆ, ಕೊಡದೇ ಇದ್ದರೆ ಮುಂದಿನ ಸಲ ಬರುವುದಿಲ್ಲ.

ಮೊದಲ ಮೂರು ನಾಲ್ಕು ಕೂಟಕ್ಕೆ ದೇವರು, ಜಾತಿ, ಪಕ್ಷ ಬೆರೆತ ವಿಷಯ ಬೇಡ. ಅಂಥ ವಿಷಯದಲ್ಲಿ ಒಂದು ಮಾತು ಬಿಟ್ಟುಕೊಟ್ಟರೆ ತನ್ನವರ ನಡುವೆ ತಲೆ ಎತ್ತಿ ನಡೆಯುವುದು ಕಷ್ಟವಾಗುತ್ತದೆ. ಮನಸ್ಸು ಬದಲಿಸುವುದು ಮರ್ಯಾದೆಗೇಡಲ್ಲ ಎಂಬ ರೂಢಿ ಆ ಕೂಟದಲ್ಲಿ ಬೇರೂರಿದ ಮೇಲೆ ಅವಕ್ಕೆ ಕೈ ಹಾಕಿ. ಇಲ್ಲಿ ಉದಾಹರಣೆಗೆ ಬೂತಾಯಿಯನ್ನು, ಅಂದರೆ ಸಾರ್ಡೀನ್ ಮೀನನ್ನು, ತೆಗೆದುಕೊಳ್ಳೋಣ. ಮಲ್ಪೆ ಬಂದರಿನಿಂದ ಮಂಗಳೂರಿನಲ್ಲಿ ಮೀನು ಇಳಿಸುವ ದಕ್ಕೆಯವರೆಗೆ ‘ಮೊದಲಿನ ಹಾಗೆ ಬೂತಾಯಿ ಎಲ್ಲಿದೆ ಮಾರಾಯ್ರೆ’ ಎನ್ನದವರಿಲ್ಲ.

ಒಂದು: ಪ್ರಶ್ನೆಯನ್ನು ಒಡೆಯುವುದು (25 ನಿಮಿಷ)

‘ಪರ್ಸೀನ್ ನಿಲ್ಲಿಸಬೇಕೋ ಬೇಡವೋ’ ಎಂದು ಶುರು ಮಾಡಿದರೆ ಕೂಟ ಅಲ್ಲಿಗೇ ಎರಡು ಭಾಗ. ಪ್ರತಿಯೊಬ್ಬರಿಗೂ ಮೂರು ಚೀಟಿ ಕೊಟ್ಟು, ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಲು ಹೇಳಿ. ವಾಕ್ಯದಲ್ಲಿ ‘ಮತ್ತು’, ‘ಆದ್ದರಿಂದ’ ಬಂದರೆ ಹರಿದು ಎರಡು ಮಾಡಿಸಿ. ಆಮೇಲೆ ಚೀಟಿಗಳನ್ನು ನಾಲ್ಕು ಗುಂಪಾಗಿ ಅಂಟಿಸಿ: ಏನಾಗಿದೆ, ಯಾಕಾಗಿದೆ, ಯಾವುದು ಮುಖ್ಯ, ಏನು ಮಾಡಬೇಕು.

ಇದೇ ಕೆಲಸವನ್ನು ಕಂಬಳದ ವಾದದಲ್ಲಿ ಮಾಡಿದರೆ ಲಾಭ ತಕ್ಷಣ ಕಾಣುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೂ ಕುತ್ತು ಬಂತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಷ್ಟೂ ವರ್ಷ ಕಟ್ಟೆಯ ಮೇಲೆ ನಡೆದದ್ದು ‘ಸಂಸ್ಕೃತಿಯೋ ಹಿಂಸೆಯೋ’ ಎಂಬ ಒಂದೇ ಗಂಟಿನ ಜಗಳ. ಗಂಟು ಬಿಚ್ಚಿದರೆ ಮೂರು ಎಳೆ ಸಿಗುತ್ತದೆ. ಬೆತ್ತದ ಏಟಿಲ್ಲದೆ ಓಡಿದ ಕೋಣಗಳ ಜೋಡಿ ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಗೆ ಎಷ್ಟು ಸೆಕೆಂಡಿನಲ್ಲಿ ಬರುತ್ತದೆ ಎಂಬುದು ಅಳೆಯಬಹುದಾದ ಸಂಗತಿ. ಕರೆಯ, ಅಂದರೆ ಕೋಣ ಓಡುವ ಕೆಸರಿನ ಹಾದಿಯ, ಕೊನೆಯಲ್ಲಿ ಲೇಸರ್ ಕಿರಣ ಹಾಯಿಸಿ ಹೊತ್ತು ಅಳೆಯುವುದು ಈಗ ಮಾಮೂಲು. ಏಟು ಯಾವ ಮಟ್ಟದ ನೋವು ಕೊಡುತ್ತದೆ ಎಂಬುದು ಪಶುವೈದ್ಯರನ್ನು ಕೇಳಬೇಕಾದ ಸಂಗತಿ. ಆಚರಣೆ ಉಳಿಸಲು ಎಷ್ಟು ನೋವನ್ನು ಒಪ್ಪಬಹುದು ಎಂಬುದು ಮಾತ್ರ ಮೌಲ್ಯದ ಪ್ರಶ್ನೆ.

ಇಲ್ಲಿ ಆಗುವ ತಪ್ಪು: ಮೌಲ್ಯದ ಚೀಟಿ ಬಂದ ಕೂಡಲೇ ‘ಅದು ಅವರವರ ಇಷ್ಟ’ ಎಂದು ಕೈತೊಳೆಯುವುದು. ‘ಇದೆ’ ಎಂಬುದರಿಂದ ‘ಇರಬೇಕು’ ಎಂಬುದು ತಾನಾಗಿ ಹುಟ್ಟುವುದಿಲ್ಲ ಎಂದು ಡೇವಿಡ್ ಹ್ಯೂಮ್ ಹದಿನೆಂಟನೇ ಶತಮಾನದಲ್ಲೇ ಎಚ್ಚರಿಸಿದ್ದು ಸರಿ. ಹಾಗೆಂದು ಮೌಲ್ಯಗಳು ಟೀಕೆಗೆ ಹೊರತಲ್ಲ. ಆ ವ್ಯಕ್ತಿಯೇ ಒಪ್ಪಿರುವ ಇನ್ನೊಂದು ಮೌಲ್ಯದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಎರಡೂ ಒಟ್ಟಿಗೆ ನಿಲ್ಲದಿದ್ದರೆ ಮಾತಾಡಲು ವಿಷಯ ಇದೆ ಎಂದರ್ಥ.

ಎರಡು: ಪ್ರಮಾಣದ ಗುರುತು (15 ನಿಮಿಷ)

ಇದಕ್ಕೆ ಉಡುಪಿಯವರು ಹೊರಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಧ್ವಮತದಲ್ಲಿ ಪ್ರಮಾಣ, ಅಂದರೆ ತಿಳಿಯುವ ದಾರಿ, ಮೂರು: ಪ್ರತ್ಯಕ್ಷ (ಕಣ್ಣಾರೆ ಕಂಡದ್ದು), ಅನುಮಾನ (ಕಂಡದ್ದರಿಂದ ತರ್ಕಿಸಿದ್ದು), ಆಗಮ (ಶಾಸ್ತ್ರದ ಮಾತು). ನಮ್ಮ ಕೆಲಸಕ್ಕೆ ಮೂರನೆಯದನ್ನು ‘ನಂಬಿಕಸ್ಥರು ಹೇಳಿದ್ದು’ ಎಂದು ಅಗಲ ಮಾಡಿಕೊಂಡರೆ ಸಾಕು; ಮಠದ ಪಂಡಿತರು ಈ ಸಡಿಲಿಕೆಯನ್ನು ಒಪ್ಪಲಿಕ್ಕಿಲ್ಲ. ಪ್ರತಿ ಚೀಟಿಯ ಮೂಲೆಯಲ್ಲಿ ‘ಪ್ರ’, ‘ಅ’, ‘ನಂ’ ಎಂದು ಬರೆಸಿ. ಕೂಟ ಹೊಸದಾಗಿದ್ದರೆ ಮೊದಲ ಸಲ ಬಹುತೇಕ ಚೀಟಿಗಳು ‘ನಂ’ ಆಗುತ್ತವೆ. ಅದು ಅವಮಾನವಲ್ಲ. ನಮ್ಮ ತಿಳಿವಳಿಕೆಯ ಬಹುಪಾಲು ಬೇರೆಯವರಿಂದ ಬಂದದ್ದೇ. ಕೇಳಬೇಕಾದದ್ದು, ಹೇಳಿದವರಿಗೆ ಅದನ್ನು ತಿಳಿಯುವ ದಾರಿ ಇತ್ತೇ, ತಪ್ಪಿದ್ದರೆ ತಿದ್ದುವವರು ಅವರ ಸುತ್ತ ಇದ್ದಾರೆಯೇ ಎಂದು.

‘ಪ್ರ’ ಎಂದು ಬರೆದ ಚೀಟಿಯನ್ನೂ ಬಿಡಬೇಡಿ. ‘ನಾನೇ ಕಣ್ಣಾರೆ ಕಂಡಿದ್ದೇನೆ ಅಣ್ಣ, ಈ ವರ್ಷ ಬೂತಾಯಿಯೇ ಇಲ್ಲ’ ಎಂದವರು ಕಂಡದ್ದು ಒಂದು ಬಂದರು, ಕೆಲವು ವಾರ. ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಪ್ರತಿ ವರ್ಷ ರಾಜ್ಯವಾರು ಅಂದಾಜು ಪ್ರಕಟಿಸುತ್ತದೆ. ಮಂಗಳೂರಿನಲ್ಲೂ ಅದರ ಕೇಂದ್ರವಿದೆ. ಅದೂ ಆಯ್ದ ಬಂದರುಗಳಲ್ಲಿ ಆಯ್ದ ದಿನ ಎಣಿಸಿ ಮಾಡಿದ ಅಂದಾಜೇ. ಒಂದೊಂದು ಬುಟ್ಟಿಯ ಲೆಕ್ಕ ಅಲ್ಲ. ಅಂಕಿ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಗಾದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂದೆ ಬರುತ್ತದೆ. ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಬಂದರಿನಲ್ಲಿ ಇಳಿದ ಬೂತಾಯಿಯ ತಿಂಗಳವಾರು ಲೆಕ್ಕದ ಪ್ರತಿ’ ಎಂದು ಕೇಳಿ. ಈ ಅರ್ಜಿ ಕೂಟಕ್ಕೆ ಒಂದೂವರೆ ತಿಂಗಳು ಮೊದಲೇ ಹೋಗಿರಬೇಕು.

ಮೂರು: ಕಾರಣವನ್ನು ಕೆಣಕುವುದು (40 ನಿಮಿಷ)

ಹೆಚ್ಚು ಹೊತ್ತು ಇಡಬೇಕಾದದ್ದು ಇಲ್ಲಿ. ‘ಯಾಕಾಗಿದೆ’ ಗುಂಪಿನಿಂದ ಎರಡು ವಿವರಣೆ ಆರಿಸಿ, ಎರಡಕ್ಕೂ ಇದೇ ಮೂರು ಪ್ರಶ್ನೆ ಕೇಳಿ. ಇದು ನಿಜವಾದರೆ ಏನು ಕಾಣಬಾರದು? ಕಾರಣ ಇಲ್ಲದೆಯೂ ಫಲ ಕಂಡದ್ದುಂಟೇ, ಕಾರಣ ಇದ್ದೂ ಫಲ ಕಾಣದ್ದುಂಟೇ? ವಿವರಣೆಯ ಒಂದು ತುಂಡು ಬದಲಿಸಿದರೂ ಅದು ಹಾಗೇ ನಿಲ್ಲುತ್ತದೆಯೇ?

ಎರಡನೇ ಪ್ರಶ್ನೆ ನ್ಯಾಯಶಾಸ್ತ್ರದ ಹಳೆಯ ಪಾಠ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲಿ ಹೊಗೆ ಇದೆ ಎನ್ನುವಂತಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆ ಇಲ್ಲ. ನಡುವೆ ಇನ್ನೊಂದು ಬೇಕು: ಹಸಿ ಸೌದೆ. ಶಾಸ್ತ್ರದಲ್ಲಿ ಇದಕ್ಕೆ ಉಪಾಧಿ ಎಂದು ಹೆಸರು. ಜೂನ್ ತಿಂಗಳಲ್ಲಿ ಬಚ್ಚಲೊಲೆಗೆ ನೆನೆದ ತೆಂಗಿನ ಮಡಲು ತುರುಕಿ ಕಣ್ಣುಜ್ಜಿಕೊಂಡವರಿಗೆ ಬೇರೆ ವಿವರಣೆ ಬೇಡ. ಊರಿನ ವಾದಗಳಲ್ಲಿ ‘ಇದರಿಂದಲೇ ಹಾಗಾಯಿತು’ ಎಂದು ಯಾರಾದರೂ ಅಂದರೆ ಕೇಳಬೇಕಾದದ್ದು ಒಂದೇ: ಇಲ್ಲಿ ಹಸಿ ಸೌದೆ ಯಾವುದು?

ಈಗ ಮೊದಲ ವಿವರಣೆ: ಪರ್ಸೀನ್ ಬೋಟುಗಳು ಬಾಚಿದ್ದರಿಂದ ಬೂತಾಯಿ ಹೋಯಿತು. ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂದದ್ದು 1970ರ ದಶಕದ ನಡುವೆ. ಅದಕ್ಕೂ ಮೊದಲು ಇದ್ದದ್ದು ದಡದಿಂದ ಎಳೆಯುವ ರಂಪಣಿ ಬಲೆ. ಆದರೆ ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ಪ್ರಾಂತದಲ್ಲಿದ್ದ 1940ರ ದಶಕದಲ್ಲೇ ಈ ಪಶ್ಚಿಮ ಕರಾವಳಿಯಲ್ಲಿ ಬೂತಾಯಿ ಹಲವು ವರ್ಷ ಕೈಕೊಟ್ಟಿತ್ತು, ಹಿಡಿಯುವುದಕ್ಕೆ ಸರ್ಕಾರ ನಿರ್ಬಂಧವನ್ನೂ ಹಾಕಿತ್ತು. ಪರ್ಸೀನ್ ಇಲ್ಲದೆ ಫಲ ಮಾತ್ರ ಕಂಡಿತು. ವಿವರಣೆಗೆ ಏಟು ಬಿತ್ತು.

ನಾಡದೋಣಿಯವರ ಕಡೆಯಿಂದ ಇಲ್ಲಿ ಗದ್ದಲ ಏಳುತ್ತದೆ. ನಡೆಸುವವರು ತಕ್ಷಣ ಎರಡನೆಯದಕ್ಕೂ ಅದೇ ಏಟು ಹಾಕಬೇಕು. ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊದಿಂದ ಇಲ್ಲಿನ ಕಡಲೂ ಬಿಸಿಯಾಗಿ ಮೀನು ಕಡಿಮೆಯಾಯಿತು ಎನ್ನುವುದು ಆ ವಿವರಣೆ. ಪಕ್ಕದ ಕೇರಳದ ಲೆಕ್ಕ ನೋಡಿ: 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಇಳಿದಿತ್ತು. ಇಳಿಕೆ ಮರು ವರ್ಷದಿಂದಲೇ ಶುರುವಾಯಿತು, ದೊಡ್ಡ ಎಲ್ ನಿನೊ ಬಂದದ್ದು 2015–16ರಲ್ಲಿ. 2021ರಲ್ಲಿ ಅಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ, ಆಗ ನಡೆಯುತ್ತಿದ್ದದ್ದು ಎಲ್ ನಿನೊಗೆ ತದ್ವಿರುದ್ಧವಾದ, ಪೆಸಿಫಿಕ್ ತಣ್ಣಗಾಗುವ ಲಾ ನಿನಾ. ಇದಕ್ಕೂ ಏಟು ಬಿತ್ತು.

ಎರಡೂ ಗಾಯಗೊಂಡಾಗ ಕೂಟದಲ್ಲಿ ಒಂದು ಮೌನ ಬರುತ್ತದೆ. ಅದನ್ನು ತುಂಬಲು ಅವಸರ ಬೇಡ. ಸಾಮಾನ್ಯವಾಗಿ ಆ ಮೌನ ಮುರಿಯುವುದು ‘ಇದರಲ್ಲೆಲ್ಲ ದೊಡ್ಡವರ ಕೈವಾಡ ಉಂಟು’ ಎಂಬ ಮಾತಿನಿಂದ. ಮೂರನೇ ಪ್ರಶ್ನೆ ಇರುವುದು ಇದಕ್ಕಾಗಿಯೇ. ಮೀನು ಬಂದರೂ ಕೈವಾಡ, ಬಾರದಿದ್ದರೂ ಕೈವಾಡ, ಬೆಲೆ ಏರಿದರೂ ಇಳಿದರೂ ಕೈವಾಡ. ಎಲ್ಲದಕ್ಕೂ ಹೊಂದುವ ವಿವರಣೆ ಯಾವುದನ್ನೂ ವಿವರಿಸುವುದಿಲ್ಲ. ಕೈವಾಡ ಇರಲೂಬಹುದು; ಹಾಗಾದರೆ ಯಾರದ್ದು, ಯಾವ ಆದೇಶದಲ್ಲಿ, ಯಾವ ತಿಂಗಳಲ್ಲಿ ಎಂದು ಚೀಟಿಯಲ್ಲಿ ಬರೆಯಲಿ. ಬರೆದರೆ ಅದೂ ಪರೀಕ್ಷಿಸಬಹುದಾದ ಊಹೆಯಾಗುತ್ತದೆ.

ಆಮೇಲೆ ಗಾಯಗೊಂಡ ಎರಡರಿಂದ ಒಂದು ಗಟ್ಟಿ ಊಹೆ ಕಟ್ಟಿ. ಬೂತಾಯಿಯ ಆಯುಸ್ಸು ಎರಡು, ಎರಡೂವರೆ ವರ್ಷ. ಒಂದು ವರ್ಷದೊಳಗೆ ಅದು ಮೊಟ್ಟೆಗೆ ಬರುತ್ತದೆ. ಮಳೆಗಾಲದಲ್ಲಿ ಕಡಲಿನ ಆಳದ ತಣ್ಣೀರು ಮೇಲೆದ್ದು ಬೆಳೆಸುವ ಸೂಕ್ಷ್ಮ ಪಾಚಿಯೇ ಅದರ ಮುಖ್ಯ ಆಹಾರ. ಹೀಗಿರುವಾಗ ಊಹೆ ಹೀಗೆ: ಮೀನು ಯಾವ ವರ್ಷ ಕುಸಿಯುತ್ತದೆ ಎಂಬುದನ್ನು ಕಡಲು ನಿರ್ಧರಿಸುತ್ತದೆ, ಕುಸಿತ ಎಷ್ಟು ವರ್ಷ ಎಳೆಯುತ್ತದೆ ಎಂಬುದನ್ನು ಆ ವರ್ಷ ಮರಿ ಮೀನನ್ನು ಬಿಟ್ಟೆವೋ ಬಾಚಿದೆವೋ ಎಂಬುದು. ಸಿಎಂಎಫ್‌ಆರ್‌ಐ ಬೂತಾಯಿಗೆ ಶಿಫಾರಸು ಮಾಡಿದ ಕನಿಷ್ಠ ಉದ್ದ 10 ಸೆಂಟಿಮೀಟರ್. ಮೀನಿಗೆ ಬರ ಬಂದ ವರ್ಷದಲ್ಲಿ ಅದಕ್ಕಿಂತ ಸಣ್ಣದನ್ನು ಬಿಟ್ಟ ಕಡೆ, ಬಿಡದ ಕಡೆ ಎರಡರಲ್ಲೂ ಚೇತರಿಕೆ ಒಂದೇ ಹೊತ್ತಿಗೆ ಬಂದರೆ ಈ ಊಹೆ ಬಿತ್ತು. ಈ ಕೊನೆಯ ವಾಕ್ಯವನ್ನು ಕೆಂಪು ಮಾರ್ಕರಿನಲ್ಲಿ ಬರೆಸಿ. ಅದಿಲ್ಲದ ಊಹೆ ಗೋಡೆಯ ಮೇಲೆ ಉಳಿಯಬಾರದು.

ಇನ್ನು ಚಾ.

ನಾಲ್ಕು: ಪೂರ್ವಪಕ್ಷ (20 ನಿಮಿಷ)

ಎದುರು ಪಕ್ಷದ ಮಾತನ್ನು ನೀವು ಹೇಳಬೇಕು, ಮೂರು ನಿಮಿಷ, ಅವರೇ ‘ಹೌದು, ಇದೇ ನಮ್ಮ ಮಾತು’ ಎನ್ನುವ ಹಾಗೆ. ಅವರು ತಲೆಯಾಡಿಸದಿದ್ದರೆ ಮತ್ತೆ ಮೂರು ನಿಮಿಷ. ಬೋಟಿನ ಮಾಲೀಕರು ನಾಡದೋಣಿಯವರ ಪಕ್ಷ ಹೇಳಲಿ, ಪರಿಸರದವರು ಸಾಲ ಮಾಡಿ ಬೋಟು ಕಟ್ಟಿಸಿದವರ ಪಕ್ಷ ಹೇಳಲಿ. ತಾಳಮದ್ದಳೆಯವರು ಕೂಟದಲ್ಲಿದ್ದರೆ ಇಲ್ಲಿ ಅವರನ್ನು ಮೀರಿಸುವವರಿಲ್ಲ. ಇಂದು ರಾಮ, ನಾಳೆ ವಾಲಿ ಆಗಿ ಅಭ್ಯಾಸವಿದೆ.

ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವರದ್ದನ್ನು ಮುರಿಯುವುದಷ್ಟೇ ಕೆಲಸವಾದರೆ ವಿತಂಡ ಎಂದು ನ್ಯಾಯಸೂತ್ರದ ಕಾಲದಿಂದಲೂ ವಿಂಗಡಣೆ ಇದೆ. ವಿತಂಡ ಮಾಡುವವರನ್ನು ಗದರಿಸಿದರೆ ಪ್ರಯೋಜನವಿಲ್ಲ. ‘ಹಾಗಾದರೆ ನಿಮ್ಮ ಊಹೆ ಯಾವುದು, ಚೀಟಿಯಲ್ಲಿ ಬರೆಯಿರಿ’ ಎಂದು ಖಾಲಿ ಚೀಟಿ ಮುಂದೆ ಇಡಿ.

ಐದು: ಸಣ್ಣದು, ಹಿಂದೆ ತೆಗೆಯಬಹುದಾದದ್ದು (20 ನಿಮಿಷ)

ಕೊನೆಯ ಗುಂಪು, ಏನು ಮಾಡಬೇಕು. ಈ ಹೊತ್ತಿಗೆ ‘ಪ್ರಗತಿ’ ಎಂಬ ಪದ ಬಂದೇ ಬರುತ್ತದೆ. ಒಬ್ಬರು ‘ನೀವೆಲ್ಲ ಅಭಿವೃದ್ಧಿ ವಿರೋಧಿಗಳು’ ಎಂದರೆ ಇನ್ನೊಬ್ಬರು ‘ನಮ್ಮ ಹಿರಿಯರೇನು ದಡ್ಡರೇ’ ಎನ್ನುತ್ತಾರೆ. ‘ಅಭಿವೃದ್ಧಿ’, ‘ಹಿರಿಯರು’ ಎರಡೂ ಪದಗಳನ್ನು ಅಳಿಸಿ, ಆ ಜಾಗದಲ್ಲಿ ಈ ಸಾಲು ತುಂಬಿಸಿ: ಇದರಿಂದ ಯಾರ ಯಾವ ತೊಂದರೆ ಹೋಗುತ್ತದೆ, ಬದಲಿಗೆ ಯಾರಿಗೆ ಯಾವ ಹೊಸ ತೊಂದರೆ ಬರುತ್ತದೆ?

ಕಡಲ್ಕೊರೆತದ ಕಲ್ಲಿನ ಗೋಡೆ ಇದಕ್ಕೆ ತಕ್ಕ ಪಾಠ. ಗೋಡೆ ಹಿಂದಿನ ಮನೆಯನ್ನು ಉಳಿಸುತ್ತದೆ. ಅದೇ ಗೋಡೆಗೆ ಬಡಿದು ಮರಳುವ ಅಲೆ ಬುಡದ ಮರಳನ್ನು ಕೊರೆಯುತ್ತದೆ, ಕಲ್ಲು ಕುಸಿಯುತ್ತದೆ, ಮತ್ತೆ ಕಲ್ಲು ಬೇಕಾಗುತ್ತದೆ. ಗೋಡೆ ಮುಗಿದಲ್ಲಿ, ಪಕ್ಕದ ಮನೆಯವರ ದಂಡೆಯಲ್ಲಿ, ಕೊರೆತ ಹೆಚ್ಚುತ್ತದೆ. ಹಾಗೆಂದು ಗೋಡೆಯೇ ಬೇಡ ಎನ್ನಲು ಬರುವುದಿಲ್ಲ, ಒಳಗೆ ಮಕ್ಕಳಿರುವ ಮನೆ ಇದೆ. ಹೊಸ ತೊಂದರೆಯನ್ನು ಮೊದಲ ದಿನವೇ ಬರೆದಿಟ್ಟುಕೊಂಡರೆ ಮುಂದಿನ ಮಳೆಗಾಲದಲ್ಲಿ ನೋಡಬೇಕಾದ ಜಾಗ ಯಾವುದೆಂದು ಗೊತ್ತಿರುತ್ತದೆ.

ಹಿರಿಯರ ರೂಢಿಗೂ ಅದೇ ಸಾಲು. ಮಳೆಗಾಲದ ಆಟಿ ತಿಂಗಳಲ್ಲಿ ಕಡಲಿಗೆ ಇಳಿಯದೆ, ಸಮುದ್ರಪೂಜೆ ಮಾಡಿ ಮತ್ತೆ ಹೊರಡುವ ಪದ್ಧತಿಗೆ ಮುಖ್ಯ ಕಾರಣ ತೂಫಾನು. ಅದರಿಂದ ಮೊಟ್ಟೆಯಿಡುವ ಮೀನಿಗೆ ಬಿಡುವು ಸಿಕ್ಕಿತು, ಯಾರೂ ಲೆಕ್ಕ ಹಾಕದೆಯೇ. ಎಂಜಿನ್ ಬಂದ ಮೇಲೆ ತೂಫಾನಿನ ಹೆದರಿಕೆ ಕಡಿಮೆಯಾಯಿತು. ಬಿಡುವು ಉಳಿಯಬೇಕಾದರೆ ಕಾನೂನು ಬೇಕಾಯಿತು. 2015ರಿಂದ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ. ರೂಢಿಯನ್ನು ಬಿಡುವ ಮೊದಲು ಅದು ಬಾಯಿಬಿಟ್ಟು ಹೇಳದ ಯಾವ ಕೆಲಸ ಮಾಡುತ್ತಿತ್ತು ಎಂದು ನೋಡಿ. ಅಂಥ ಕೆಲಸವೇನೂ ಇಲ್ಲವಾದರೆ, ಅಥವಾ ಆ ಕೆಲಸ ಯಾರನ್ನೋ ತುಳಿಯುವುದೇ ಆಗಿದ್ದರೆ, ಹಳೆಯದೆಂಬ ಒಂದೇ ಕಾರಣಕ್ಕೆ ಅದಕ್ಕೆ ರಿಯಾಯಿತಿ ಇಲ್ಲ.

ಪ್ರಸ್ತಾಪ ಸಣ್ಣದಿರಲಿ: ಒಂದು ಬಂದರು, ಒಂದು ಹಂಗಾಮು, ಒಂದು ಅಳತೆ. ತಪ್ಪಿದರೆ ಹಿಂದೆ ತೆಗೆಯುವ ದಾರಿ ಬರೆದಿರಲಿ. ಎಲ್ಲ ತಪ್ಪನ್ನೂ ಹಿಂದೆ ತೆಗೆಯಲಾಗುವುದಿಲ್ಲ ಎಂಬುದು ಬೆಳ್ತಂಗಡಿ, ಪುತ್ತೂರಿನ ಗೇರು ತೋಟಗಳ ಸುತ್ತಲಿನ ಊರುಗಳಿಗೆ ಗೊತ್ತು. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವಾಗ ‘ಏನೂ ಆಗುವುದಿಲ್ಲ’ ಎಂಬುದು ನಂಬಿಕಸ್ಥರ ಮಾತಾಗಿತ್ತು, ಮನೆಯವರು ಕಣ್ಣಾರೆ ಕಂಡದ್ದಕ್ಕೆ ಬೆಲೆ ಇರಲಿಲ್ಲ. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಕೊಟ್ಟದ್ದು 2011ರ ಮೇ 13ರಂದು. ಹಾನಿ ಮರಳಿ ಸರಿಯಾಗದಂಥದ್ದಾದರೆ ಪುರಾವೆ ಕೊಡುವ ಹೊಣೆ ಸಿಂಪಡಿಸುವವರ ಮೇಲೆ, ತಡೆಯಿರಿ ಎನ್ನುವವರ ಮೇಲಲ್ಲ.

ಕೊನೆಯ ಶೀಟಿನಲ್ಲಿ ಐದೇ ಸಾಲು ಇರಬೇಕು. ಬೂತಾಯಿಯ ಕೂಟವಾದರೆ ಅದು ಹೀಗೆ ಕಾಣುತ್ತದೆ:

ನಮ್ಮ ಊಹೆ: ಕುಸಿತ ಕಡಲಿನಿಂದ, ಅದು ಎಳೆಯುವುದು ಮರಿ ಹಿಡಿಯುವುದರಿಂದ.
ಇದನ್ನು ಬೀಳಿಸುವುದು: ಮರಿ ಬಿಟ್ಟಲ್ಲೂ ಬಿಡದಲ್ಲೂ ಚೇತರಿಕೆ ಒಂದೇ ಹೊತ್ತಿಗೆ ಬಂದರೆ.
ಮಾಡುವ ಕೆಲಸ: ಈ ಹಂಗಾಮಿನಲ್ಲಿ ವಾರಕ್ಕೆ ಒಂದು ದಿನ, ನಮ್ಮ ದಕ್ಕೆಯಲ್ಲಿ ಸಿಕ್ಕ ಬೋಟಿನಿಂದ 50 ಬೂತಾಯಿ ಅಳೆದು, 10 ಸೆಂಟಿಮೀಟರಿಗಿಂತ ಸಣ್ಣದು ಎಷ್ಟು ಎಂದು ಬರೆಯುವುದು, ಗ್ರಾಮಸಭೆಗೆ ಆ ಲೆಕ್ಕ ಕೊಡುವುದು.
ಹೊಸ ತೊಂದರೆ: ಅಳೆಯುವವರಿಗೆ ಬೋಟಿನವರ ಬೈಗುಳ, ಗೊಬ್ಬರಕ್ಕೆಂದು ಮೀನು ತರುವ ಬೋಟು ಬೇರೆ ದಕ್ಕೆಗೆ ತಿರುಗುವುದು.
ಮತ್ತೆ ಸೇರುವುದು: ಮುಂದಿನ ಆಗಸ್ಟ್ ಮೊದಲ ಭಾನುವಾರ, ಬೋಟು ಇಳಿದ ಮೇಲೆ.

ಶೀಟನ್ನು ಮಡಚಿ ಕಪಾಟಿನಲ್ಲಿ ಇಡಬೇಡಿ, ಗೆದ್ದಲು ತಿನ್ನುತ್ತದೆ. ಯುವಕ ಮಂಡಲದ ಗೋಡೆಯಲ್ಲೋ ಗ್ರಂಥಾಲಯದ ಬಾಗಿಲಲ್ಲೋ ಅಂಟಿಸಿ. ಆಗಸ್ಟಿನಲ್ಲಿ ಸೇರಿದಾಗ ಮೊದಲು ಅದನ್ನು ಗಟ್ಟಿಯಾಗಿ ಓದಿಸಿ, ಕಳೆದ ವರ್ಷ ಆ ಊಹೆ ಬರೆದವರಿಂದಲೇ.